ಚಾಚಾನ ರೈಫಲ್ಲಿಗೆ ಹಿತ್ತಾಳೆ

ನಾನು ಚಾಚಾ ಎಂದು ಕರೆಯುವವರು ನನ್ನ ನೆಂಟರಲ್ಲ. ವಿಜಯಪುರದ ಕಡೆಯವರು, ಬರ್ಮಿಂಗ್‌ಹ್ಯಾಮ್‌ನ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ಮೂಳೆ ಡಾಕ್ಟರಾಗಿದ್ದು ನಿವೃತ್ತರಾದವರು. ಚಾಚಿ ಹುಬ್ಬಳ್ಳಿಯವರು, ಬರ್ಮಿಂಗ್‌ಹ್ಯಾಮ್‌ನಲ್ಲೇ ಕಣ್ಣಿನ ವಾರ್ಡಿನ ನರ್ಸ್ ಆಗಿದ್ದವರು. ಧಾರವಾಡದಿಂದ ಲೋಹಶಾಸ್ತ್ರದ ಮೇಲ್ವ್ಯಾಸಂಗಕ್ಕೆ ಬಂದ ನನಗೆ, ಬಾಡಿಗೆಗೆ ಹಿಡಿದಿದ್ದ ಕೋಣೆ ಕೊನೆಯ ಗಳಿಗೆಯಲ್ಲಿ ಕೈತಪ್ಪಿದಾಗ, ಪರಿಚಯದವರ ಪರಿಚಯದವರು ಎಂಬ ಒಂದೇ ಎಳೆ ಹಿಡಿದು ಅದೇ ನಗರದ ಎಜ್‌ಬಾಸ್ಟನ್ನಿನ ತಮ್ಮ ಮನೆಯಲ್ಲಿ ಇರಿಸಿಕೊಂಡವರು ಅವರು. ನಾಲ್ಕು ದಿನಕ್ಕೆಂದು ಹೋದವಳು ಚಳಿಗಾಲ ಮುಗಿಯುವವರೆಗೆ ಅಲ್ಲೇ ಇದ್ದೆ. ಆಮೇಲೆ ಡರ್ಬಿಯ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಅತ್ತ ಹೋದರೂ ಭಾನುವಾರದ ಊಟ ಮಾತ್ರ ಚಾಚಿಯ ಅಡುಗೆಮನೆಯಲ್ಲೇ ಉಳಿಯಿತು.

ಆ ಮನೆಯ ಮಹಡಿಯಲ್ಲಿ, ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಒಂದು ಉಕ್ಕಿನ ಬೀರು ಇತ್ತು. ಒಳಗೆ ಚಾಚಾನ ರೈಫಲ್. ಈ ದೇಶದಲ್ಲಿ ಅಂಥ ಬೀರುವಿನ ಕೀಲಿ ಎಲ್ಲಿದೆ ಎಂಬುದು ಪೊಲೀಸರು ಕೊಡುವ ಬಂದೂಕಿನ ಸರ್ಟಿಫಿಕೇಟ್ ಇರುವವರಿಗಲ್ಲದೆ ಮನೆಯ ಇನ್ನೊಬ್ಬರಿಗೆ ಗೊತ್ತಿರುವಂತಿಲ್ಲ. "ಇವ್ರ ಕಾಲುಚೀಲ ಎಲ್ಲೈತಿ ಅಂತ ನನಗ ಗೊತ್ತಿರಬೇಕು, ಕೀಲಿ ಎಲ್ಲೈತಿ ಅಂತ ಗೊತ್ತಿರಬಾರದು" ಎಂದು ಚಾಚಿ ನಗುತ್ತಿದ್ದರು.

ಬಂದೂಕಿನ ಹುಚ್ಚು ಚಾಚಾನಿಗೆ ಹುಟ್ಟಿನಿಂದ ಬಂದದ್ದಲ್ಲ. ಸೊಂಟದ ಆಪರೇಷನ್ ಮಾಡಿಸಿಕೊಂಡ ಒಬ್ಬ ಪೇಷಂಟ್ ಹಳೆಯ ರೈಫಲ್‌ಗಳ ಕ್ಲಬ್ಬಿನವನಂತೆ. ಒಮ್ಮೆ ಬಂದು ನೋಡಿ ಎಂದು ಕರೆದನಂತೆ. ಹುಲ್ಲಿನ ಮೇಲೆ ಬೋರಲು ಮಲಗಿ, ಉಸಿರು ಹಿಡಿದು, ದೂರದ ಕಾಗದದ ಗುರಿಯನ್ನು ನೋಡುವಾಗ ತಲೆಯೊಳಗಿನ ಎಲ್ಲ ಸದ್ದೂ ನಿಂತುಹೋಯಿತು ಎಂದು ಚಾಚಾ ಹೇಳುತ್ತಿದ್ದರು. ಆಮೇಲೆ ತಮ್ಮದೇ ಒಂದನ್ನು ಹರಾಜಿನಲ್ಲಿ ಹಿಡಿದರು. ನೂರು ವರ್ಷಕ್ಕೂ ಮೀರಿದ್ದು, ಅವರ ಮನೆಯಿಂದ ಬಸ್ಸಿನಲ್ಲಿ ಹೋಗಬಹುದಾದಷ್ಟು ಹತ್ತಿರದ ಬರ್ಮಿಂಗ್‌ಹ್ಯಾಮ್‌ನ ಗಲ್ಲಿಯೊಂದರಲ್ಲಿ ತಯಾರಾದದ್ದು. ಒಂದು ಸಲಕ್ಕೆ ಒಂದೇ ತೋಟಾ. ಕೆಳಗಿನ ಹಿಡಿ ಎಳೆದರೆ ಹಿಂಬದಿ ಬಾಯಿ ತೆರೆಯುತ್ತದೆ.

ಆ ಅಳತೆಯ ತೋಟಾವನ್ನು ಈಗ ಯಾವ ಕಾರ್ಖಾನೆಯೂ ಮಾಡುವುದಿಲ್ಲ. ಹಾಗಾಗಿ ಅದನ್ನು ಗೋಡೆಗೆ ತೂಗುಹಾಕಿ ನೋಡುತ್ತ ಕೂರುವುದಾದರೆ ಪೊಲೀಸರ ಸರ್ಟಿಫಿಕೇಟ್ ಕೂಡ ಬೇಡ, ಹೊಡೆಯುವುದಾದರೆ ಬೇಕು. ಚಾಚಾ ಅದನ್ನೆಲ್ಲ ಕ್ರಮಬದ್ಧವಾಗಿ ಮಾಡಿಸಿದ್ದರು. ತೋಟಾ ಮಾತ್ರ ಮನೆಯಲ್ಲೇ ತುಂಬಿಕೊಳ್ಳಬೇಕು. ಗುಂಡು, ಮದ್ದು ಹೇಗೋ ಆಗುತ್ತದೆ. ಎಲ್ಲವೂ ನಿಂತಿರುವುದು ಅವನ್ನು ಹಿಡಿದಿಡುವ ಹಿತ್ತಾಳೆಯ ಕೇಸಿನ ಮೇಲೆ. ಮದ್ದು ಹತ್ತಿದ ಕ್ಷಣ ಆ ಕೇಸು ಉಬ್ಬಿ, ಹಿಂದಿನ ಸಂದುಗಳನ್ನೆಲ್ಲ ಮುಚ್ಚಿ, ಬೆಂಕಿ ಮುಂದಕ್ಕೆ ಮಾತ್ರ ಹೋಗುವಂತೆ ನೋಡಿಕೊಳ್ಳಬೇಕು. ಅದು ಸೋತರೆ ಬೆಂಕಿ ಹೊಡೆಯುವವರ ಮುಖಕ್ಕೇ ಬರುತ್ತದೆ.

ಹಾಗೆಯೇ ಆಯಿತು ಒಂದು ಶನಿವಾರ. ಚಾಚಾ ಟ್ರಿಗರ್ ಎಳೆದರು, ಕೇಸು ಬುಡದ ಹತ್ತಿರ ಸೀಳಿತು, ಬಿಸಿಗಾಳಿ ಹಿಂದಕ್ಕೆ ಚಿಮ್ಮಿತು. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು. ಹುಬ್ಬು ಸುಟ್ಟು, ಕೆನ್ನೆಯ ಮೇಲೆ ಮದ್ದಿನ ಕರಿ ಚುಕ್ಕೆಗಳು ಕೂತವು. ಕನ್ನಡಕದ ಬಲಗಾಜು ಮರಳುಕಾಗದದಿಂದ ಉಜ್ಜಿದಂತಾಗಿತ್ತು. ಚಾಚಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕಣ್ಣಿಗೆ ಏನೂ ಆಗಿಲ್ಲ ಎಂದು ಡಾಕ್ಟರ ಬಾಯಿಂದ ಕೇಳಿಸಿಕೊಂಡು, ಮನೆಗೆ ಬಂದ ಮೇಲೆ ಆ ಗಾಜನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರಂತೆ. ಅದೇ ಚಾಚಾನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮರುದಿನ ನಾನು ಊಟಕ್ಕೆ ಹೋದಾಗ ಚಾಚಾ ಮಾತ್ರೆಯ ಡಬ್ಬಿಯೊಂದರಿಂದ ಆ ಸೀಳಿದ ಕೇಸನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು.

"ನೀ ಲೋಹದ ಡಾಕ್ಟರ್ ಅಲ್ಲೇನವಾ? ಈ ಪೇಷಂಟ್‌ನ್ನ ಒಂದೀಟ ನೋಡು. ಬಂದೂಕಿಂದು ತಪ್ಪಿಲ್ಲ. ಅದನ್ನ ಪರೀಕ್ಷಾ ಮಾಡ್ಸೀನಿ, ಗಟ್ಟಿ ಐತಿ."

"ನೋಡೂದು ಬ್ಯಾಡ, ಏನೂ ಬ್ಯಾಡ" ಎಂದು ಚಾಚಿ ಒಳಗಿನಿಂದಲೇ ಹೇಳಿದರು. "ಮಾರಿ ಬಿಡ್ರಿ ಅದನ್ನ."

ನನ್ನ ಕೆಲಸ ಎಂಜಿನ್ನಿನ ಬ್ಲೇಡುಗಳದ್ದು, ನಿಕ್ಕಲ್ ಮಿಶ್ರಲೋಹದ್ದು. ಹಿತ್ತಾಳೆಯನ್ನು ಓದಿದ್ದು ಕಾಲೇಜಿನಲ್ಲಿ. ಆದರೂ ಮ್ಯಾನೇಜರನ್ನು ಕೇಳಿ, ಊಟದ ಬಿಡುವಿನಲ್ಲಿ ಆ ಕೇಸಿನ ಒಂದು ಚೂರನ್ನು ನಯ ಮಾಡಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಹಿತ್ತಾಳೆಯ ಕಣಗಳು ಒಂದಕ್ಕೊಂದು ಅಂಟಿಕೊಂಡಿರುವ ಗೆರೆಗಳ ಗುಂಟ ಬಿರುಕು ಹರಿದಿತ್ತು. ಒಣಗಿದ ಕೆಸರು ಬಿರಿದ ಹಾಗೆ. ಸೀಳಿದ ಜಾಗದಲ್ಲಷ್ಟೇ ಅಲ್ಲ, ಹೊರಗೆ ಥಳಥಳ ಹೊಳೆಯುತ್ತಿದ್ದ ಬದಿಯಲ್ಲೂ ಅದೇ ಬಿರುಕು.

ಸಂಜೆ ಫೋನ್ ಮಾಡಿದೆ. "ಚಾಚಾ, ಇವನ್ನ ಏನ್ ಹಚ್ಚಿ ತಿಕ್ತಿದ್ರಿ?"

"ನಾ ತಿಕ್ಕಿಲ್ಲವಾ. ರೈಫಲ್ ಜೋಡಿ ಪೆಟ್ಟಿಗಿ ತುಂಬ ಇವೂ ಬಂದಿದ್ವು. ಮೊದಲಿನವ ತಿಕ್ಕಿರಬೇಕು. ಪೆಟ್ಟಿಗಿ ತಗದ್ರ ಇನ್ನೂ ಮೂಗಿಗೆ ಹೊಡಿಯೂವಂಥಾ ಘಾಟು ಬರ್ತೈತಿ."

"ಕೂದಲಿಗೆ ಬಣ್ಣ ಹಚ್ಚೂದರ ಗತೆ ವಾಸನಿ ಏನು?"

"ಹಾಂ, ಅದ ವಾಸನಿ!"

ಅಮೋನಿಯಾ. ಎಳೆದು, ಒತ್ತಿ ಮಾಡಿ ಒಳಗೆ ಬಿಗುವು ಉಳಿದ ಹಿತ್ತಾಳೆಗೆ ಅದರಷ್ಟು ದೊಡ್ಡ ವೈರಿ ಇನ್ನೊಂದಿಲ್ಲ. ಹಿಂದೆ ನಮ್ಮ ದೇಶದಲ್ಲೇ, ಬ್ರಿಟಿಷರ ಸೈನ್ಯದ ತೋಟಾಗಳನ್ನು ಕುದುರೆ ಲಾಯಗಳ ಹತ್ತಿರ ಇಟ್ಟಾಗ ಮಳೆಗಾಲದಲ್ಲಿ ಅವು ತಾವಾಗಿ ಬಿರಿಯುತ್ತಿದ್ದವು ಎಂದು ನಮ್ಮ ಮೇಷ್ಟ್ರು ಪಾಠ ಮಾಡಿದ್ದರು. ಕುದುರೆಯ ಉಚ್ಚೆಯಿಂದ ಏಳುವ ಅಮೋನಿಯಾ, ಜೊತೆಗೆ ತೇವ. ಚಾಚಾನ ಕೇಸುಗಳನ್ನು ಹೊಳೆಯಿಸಲು ಯಾರೋ ಅಂಥದೇ ಪಾಲಿಶ್ ಬಳಸಿದ್ದರು. ಪೆಟ್ಟಿಗೆಯಲ್ಲಿದ್ದ ಒಂದನ್ನೂ ನಂಬುವಂತಿರಲಿಲ್ಲ. ಎಲ್ಲವನ್ನೂ ಗುಜರಿಗೆ ಹಾಕಿ ಎಂದೆ.

ಆಮೇಲೆ ಶುರುವಾದದ್ದು ಹುಡುಕಾಟ. ಮೊದಲು ಇಬ್ಬರೂ ಹಳೆಯ ಬಂದೂಕುಗಳ ಮಾರಾಟದ ಮೇಳವೊಂದಕ್ಕೆ ಹೋದೆವು. ದೊಡ್ಡ ಹಾಲ್, ಮೇಜುಗಳ ಸಾಲು, ಟ್ವೀಡ್ ಕೋಟಿನ ಗಂಡಸರು. ಒಬ್ಬ ನನ್ನನ್ನು ನೋಡಿ, ಗಂಡನಿಗೆ ಉಡುಗೊರೆ ಹುಡುಕುತ್ತಿದ್ದೀರಾ ಎಂದು ಕೇಳಿದ. ನಾನು ಒಂದು ಕೇಸನ್ನು ಎತ್ತಿ ಮೂಸಿ ನೋಡಿದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಅಲ್ಲಿ ಸಿಕ್ಕವೆಲ್ಲ ಬಳಸಿದ ಕೇಸುಗಳು. ಯಾರು ತಿಕ್ಕಿದ್ದರು, ಎಷ್ಟು ಸಲ ಹೊಡೆದಿದ್ದರು ಎಂದು ಕೇಳಿದರೆ ಮೇಜಿನ ಹಿಂದಿನವರು ಭುಜ ಕುಣಿಸುತ್ತಿದ್ದರು. ಖಾಲಿ ಕೈಯಲ್ಲಿ ಬಂದೆವು.

ಅಷ್ಟರಲ್ಲಿ ಚಾಚಾ ನನಗೆ ಹೇಳದೆ ಆನ್‌ಲೈನ್‌ನಲ್ಲಿ, ಯಾವುದೋ ದೂರದ ದೇಶದಿಂದ ಹೊಸ ಕೇಸುಗಳನ್ನು ತರಿಸಿದ್ದರು. ಭಾನುವಾರ ಊಟದ ಮೇಜಿನ ಮೇಲೆ ಅವನ್ನು ಸಾಲಾಗಿ ನಿಲ್ಲಿಸಿ ಮದುವೆಗೆ ಹುಡುಗಿ ತೋರಿಸುವವರ ಹಾಗೆ ನಿಂತಿದ್ದರು.

"ನೋಡು, ಬಂಗಾರದ ಗತೆ ಅದಾವು. ಮುಂದಿನ ಶನಿವಾರ ಹೋಗ್ತೀನಿ."

"ಒಂದನ್ನ ಕೊಯ್ದು ನೋಡೋಣ್ರಿ, ಚಾಚಾ."

"ಹೊಸಾದು ಕೊಯ್ತಿ? ಏ, ನಕ್ಕೋ, ಬ್ಯಾಡ!"

ಜೀವಮಾನವಿಡೀ ಜನರ ತೊಡೆಯೆಲುಬು ಕೊಯ್ದ ಮನುಷ್ಯ, ಒಂದು ಹಿತ್ತಾಳೆಯ ಕೊಳವೆ ಕೊಯ್ಯುವುದನ್ನು ನೋಡಲಾರದೆ ಎದ್ದು ಕಿಟಕಿಯ ಕಡೆ ಮುಖ ಮಾಡಿ ನಿಂತರು. ನಾನು ಗ್ಯಾರೇಜಿನಿಂದ ಗರಗಸ ತಂದು ಉದ್ದಕ್ಕೆ ಸೀಳಿದೆ. ಬುಡ ಒಂದೇ ತುಂಡಾಗಿರಲಿಲ್ಲ. ತೆಳುವಾದ ಕೊಳವೆಗೆ ಇನ್ನೊಂದು ಬಿಲ್ಲೆಯನ್ನು ಬೆಸೆದಿದ್ದರು, ಬೆಸುಗೆಯ ನಡುವೆ ಕೂದಲೆಳೆಯಷ್ಟು ಸಂದು. ಚಾಚಾ ಭೂತಗನ್ನಡಿ ಹಿಡಿದು ನೋಡಿದರು. ಕುರ್ಚಿ ಎಳೆದುಕೊಂಡು ಕೂತರು.

"ಇದನ್ನ ನಾ ಹೊಡೀತಿದ್ನಲ್ಲವಾ" ಎಂದರು ಮೆಲ್ಲಗೆ.

ಚಾಚಿ ಎಲ್ಲವನ್ನೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಇನ್ನು ಈ ಮನೆಯಲ್ಲಿ ಬಂದೂಕಿನ ಮಾತು ಮುಗಿಯಿತು ಎಂದುಕೊಂಡೆ. ಆದರೆ ಪಾತ್ರೆ ತೊಳೆಯಲು ಹೋದಾಗ ಅವರು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು.

"ಕ್ಲಬ್ಬಿಗೆ ಹೋಗೂದು ಬಿಟ್ಟಾಗಿಂದ ಇವ್ರನ್ನ ನೋಡೀಯಲ್ಲ? ಟೀವಿ ಮುಂದ ಕೂಡ್ತಾರ, ಬಾಜೂ ಮನಿಯವ್ರ ಕಸದ ಬಿನ್ನಿನ ಸಂಬಂಧ ಜಗಳಾ ತಗೀತಾರ. ಕ್ಲಬ್ಬಿಗೆ ಹೋಗ್ಲಿ ಅಂತ ನನಗೂ ಅನಸ್ತದ. ಆದ್ರ ನಾ ವಾರ್ಡಿನ್ಯಾಗ ಎಂಥೆಂಥಾ ಕಣ್ಣು ನೋಡೀನಿ ಅಂತ ನಿನಗ ಗೊತ್ತಿಲ್ಲ." ಒರೆಸಿದ ಬಟ್ಟೆಯನ್ನು ಮಡಚಿಡುತ್ತ ಹೇಳಿದರು: "ಚಲೋದು ಸಿಕ್ರ ನೀ ನೋಡಿ ಹೇಳು. ನೀ ಸರಿ ಅದ ಅಂದ್ರ ನಾ ಬ್ಯಾಡ ಅನ್ನೂದಿಲ್ಲ. ನೀ ಹೇಳಬೇಕು, ಇವ್ರಲ್ಲ."

ಅಂದು ಡರ್ಬಿಗೆ ಕಾರು ಓಡಿಸಿಕೊಂಡು ಬರುವಾಗ ಚಾಚಿಯ ಮಾತೇ ತಲೆಯಲ್ಲಿತ್ತು. ಕಾರ್ಖಾನೆಯಲ್ಲಿ ನಾನು ಒಂದು ಬ್ಲೇಡನ್ನು ಸರಿ ಇದೆ ಎಂದರೆ ನನ್ನ ಹಿಂದೆ ಅದನ್ನು ಮತ್ತೆ ನೋಡುವವರು ಬಹಳ ಜನ ಇರುತ್ತಾರೆ. ಇಲ್ಲಿ ನನ್ನ ಹಿಂದೆ ಯಾರೂ ಇರಲಿಲ್ಲ. ನಾನು ಸರಿ ಎಂದರೆ ಚಾಚಾ ಆ ಕೇಸಿನ ಹಿಂದೆ ತಮ್ಮ ಮುಖ ಇಡುತ್ತಾರೆ.

ಲೀಡ್ಸ್‌ನವನ ಸುದ್ದಿ ಕ್ಲಬ್ಬಿನವರಿಂದ ಬಂತು. ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿಸುವವನು, ಬಿಡುವಿನಲ್ಲಿ ಮರೆತುಹೋದ ಅಳತೆಗಳ ಕೇಸುಗಳನ್ನು ಮಾಡುತ್ತಾನೆ, ಆದರೆ ಎಲ್ಲರಿಗೂ ಕೊಡುವುದಿಲ್ಲ. ಮೊದಲು ರೈಫಲ್ಲಿನಲ್ಲಿ ತೋಟಾ ಕೂರುವ ಹಿಂಬದಿ ಬಾಯಿಯ ಅಚ್ಚು ತಂದು ತೋರಿಸಬೇಕು. ಸುಲಭವಾಗಿ ಕರಗುವ ಲೋಹವನ್ನು ಒಳಗೆ ಹೊಯ್ದು, ಆರಿದ ಮೇಲೆ ಹೊರಗೆ ತೆಗೆಯುವ ಅಚ್ಚು. ಚಾಚಾನಿಗೆ ಬಹಳ ಖುಷಿಯಾಯಿತು. "ಪ್ಲಾಸ್ಟರ್ ಹಾಕೂದು ನನ್ನ ಕಸುಬು" ಎಂದು ಇಡೀ ಬೆಳಗ್ಗೆ ಕೂತು ಒಂದು ಗೀರೂ ಇಲ್ಲದ ಅಚ್ಚು ತೆಗೆದರು.

ಚಾಚಿ ಕಟ್ಟಿಕೊಟ್ಟ ಚಪಾತಿ, ಬದನೆಕಾಯಿ ಪಲ್ಯ ಹಿಡಿದು ನಾವಿಬ್ಬರೂ ಲೀಡ್ಸ್‌ಗೆ ಹೋದೆವು. ಇಟ್ಟಿಗೆಯ ಸಾಲುಮನೆಗಳ ಹಿಂದೆ ಅವನ ಗ್ಯಾರೇಜ್. ನಮ್ಮ ಹೆಸರನ್ನೂ ಸರಿಯಾಗಿ ಕೇಳದೆ ಅಚ್ಚನ್ನು ಕೈಗೆ ತೆಗೆದುಕೊಂಡು ಅಳತೆ ಮಾಡಿದ. ಪುಸ್ತಕದ ಅಳತೆಗಿಂತ ನಿಮ್ಮ ರೈಫಲ್ಲಿನ ಬಾಯಿ ಒಂದು ಕೂದಲು ಅಗಲ ಇದೆ, ಸಿಕ್ಕ ಕೇಸನ್ನೆಲ್ಲ ಹಾಕಿದರೆ ಅದು ಹಿಗ್ಗಿ ಹಿಗ್ಗಿ ಸೋಲುತ್ತದೆ ಎಂದ. ಚಾಚಾ ತಮ್ಮ ಕೆನ್ನೆಯ ಮೇಲೆ ಇನ್ನೂ ಉಳಿದಿದ್ದ ಕರಿ ಚುಕ್ಕೆಗಳನ್ನು ತೋರಿಸಿದರು. ಅವನು ತನ್ನ ಬಲಗೈ ಹೆಬ್ಬೆರಳಿನ ಬುಡದ ಸುಟ್ಟ ಕಲೆಯನ್ನು ತೋರಿಸಿದ. ಅವನಿಗೂ ಒಮ್ಮೆ ಹೀಗೇ ಆಗಿತ್ತಂತೆ. ಆ ಸಿಟ್ಟಿನಲ್ಲೇ ತಾನೇ ಮಾಡಲು ಶುರುಮಾಡಿದ್ದಂತೆ.

ಮಾಡುವ ರೀತಿಯನ್ನು ತೋರಿಸು ಎಂದು ನಾನು ಕೇಳಿದೆ. ಅವನು ದಪ್ಪ ಹಿತ್ತಾಳೆಯ ಬಿಲ್ಲೆಯೊಂದನ್ನು ಪ್ರೆಸ್ಸಿಗಿಟ್ಟು ಒತ್ತಿ ಬಟ್ಟಲು ಮಾಡಿದ. ಕಾಯಿಸಿ ಮೆತ್ತಗೆ ಮಾಡಿದ, ಮತ್ತೆ ಒತ್ತಿದ, ಬಟ್ಟಲು ಲೋಟವಾಯಿತು. ಮತ್ತೆ ಕಾಯಿಸಿದ, ಲೋಟ ಕೊಳವೆಯಾಯಿತು. ಬುಡ ಮಾತ್ರ ಮೊದಲಿನ ಬಿಲ್ಲೆಯಷ್ಟೇ ದಪ್ಪ, ಎಲ್ಲಿಯೂ ಬೆಸುಗೆ ಇಲ್ಲ. ಕೊನೆಯಲ್ಲಿ ಒಳಗಿನ ಬಿಗುವು ಸಡಿಲಾಗಲೆಂದು ಕಡಿಮೆ ಶಾಖದಲ್ಲಿ ಇಡುತ್ತೇನೆ ಎಂದಾಗ ನನಗೆ ಅವನ ಮೇಲೆ ಅರ್ಧ ನಂಬಿಕೆ ಬಂತು.

"ಹೊಡೆದ ಮೇಲೆ ಕೇಸನ್ನು ಯಾವುದರಲ್ಲಿ ತೊಳೆಯುತ್ತೀರಿ?" ಎಂದು ಅವನು ಕೇಳಿದ.

ಹುಣಸೆಹಣ್ಣಿನಲ್ಲಿ ಎಂದೆ. ನಮ್ಮ ಕಡೆ ಹಿತ್ತಾಳೆಯ ಹಂಡೆ, ತಂಬಿಗೆಗಳನ್ನೆಲ್ಲ ತಲೆತಲಾಂತರದಿಂದ ಅದರಲ್ಲೇ ತಿಕ್ಕುತ್ತಾರೆ, ಅದರ ಹುಳಿ ಹಿತ್ತಾಳೆಯನ್ನು ಬಿರಿಸುವುದಿಲ್ಲ ಎಂದು ವಿವರಿಸಿದೆ. ಅವನು ಜೋರಾಗಿ ನಕ್ಕು, ಆ ಕಡೆಯವರು ಪರಿಚಯವಿಲ್ಲದವರನ್ನೂ ಕರೆಯುವ ಹಾಗೆ, "ಸರಿ ಲವ್, ನಿಮಗೆ ಮಾಡಿಕೊಡುತ್ತೇನೆ. ಬಂದ ಮೇಲೆ ಒಂದನ್ನು ಹಾಳುಮಾಡಿ ನೋಡಿ, ನನ್ನ ಮಾತನ್ನು ನಂಬಬೇಡಿ" ಎಂದ. ಉಳಿದರ್ಧ ನಂಬಿಕೆಯೂ ಆಗಲೇ ಬಂತು. ಆದರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಕೇಸುಗಳು ಬರುವ ಹೊತ್ತಿಗೆ ಬೇಸಗೆ ಹತ್ತಿರವಾಗಿತ್ತು. ಪರೀಕ್ಷೆಗೆ ಯಾವುದನ್ನು ತೆಗೆದುಕೊಳ್ಳುವುದು ಎಂಬುದನ್ನು ಚಾಚಿಯೇ ಆರಿಸಲಿ ಎಂದೆ. ಅವರು ಕಣ್ಣು ಮುಚ್ಚಿ, ಬಾಯಲ್ಲಿ ಬಿಸ್ಮಿಲ್ಲಾ ಎಂದು, ಡಬ್ಬಿಯೊಳಗೆ ಕೈಹಾಕಿ ಎರಡನ್ನು ಎತ್ತಿಕೊಟ್ಟರು. ಒಂದನ್ನು ಸೀಳಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಬುಡದಿಂದ ಬಾಯಿಯವರೆಗೆ ಒಂದೇ ಹದ, ಬಿರುಕಿನ ಸುಳಿವೇ ಇಲ್ಲ. ಇನ್ನೊಂದಕ್ಕೆ ಕಠಿಣ ಪರೀಕ್ಷೆ ಇತ್ತು. ಉಪ್ಪಿನಕಾಯಿಯ ಖಾಲಿ ಜಾಡಿಯಲ್ಲಿ ಅಮೋನಿಯಾದ ಆವಿಗೆ ಅದನ್ನು ಒಡ್ಡಿ, ಮುಚ್ಚಳ ಬಿಗಿದು, ನನ್ನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಇಟ್ಟೆ. ಒಳಗೆ ಬಿಗುವು ಉಳಿದಿದ್ದರೆ ಅದು ಬಿರಿಯಲೇಬೇಕು.

ಮರುದಿನ ಕೆಲಸದಲ್ಲಿ ಮನಸ್ಸಿರಲಿಲ್ಲ. ಮನೆಗೆ ಬಂದವಳು ಕೋಟು ತೆಗೆಯದೆ ಬಾಲ್ಕನಿಗೆ ಹೋಗಿ, ಮೂಗು ಮುಚ್ಚಿಕೊಂಡು ಜಾಡಿ ತೆರೆದೆ. ಕೇಸು ಕಪ್ಪಾಗಿತ್ತು, ಗುರುತು ಸಿಗದಷ್ಟು. ತೊಳೆದೆ, ಒರೆಸಿದೆ, ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಗೆರೆ ಕಂಡು ಉಗುರಿನಿಂದ ಕೆರೆದೆ. ಅದು ನನ್ನದೇ ತಲೆಗೂದಲು. ತೆಗೆದು ಮತ್ತೆ ನೋಡಿದೆ. ಮರುದಿನ ಮೈಕ್ರೋಸ್ಕೋಪಿನಲ್ಲೂ ನೋಡಿದೆ. ಬಿರಿದಿರಲಿಲ್ಲ, ಎಲ್ಲಿಯೂ ಬಿರಿದಿರಲಿಲ್ಲ. ಕಾರ್ಖಾನೆಯ ಕಾರ್ ಪಾರ್ಕಿನಲ್ಲಿ ಕೂತು ಫೋನ್ ಮಾಡಿದ್ದು ಚಾಚಾನಿಗಲ್ಲ, ಚಾಚಿಗೆ.

"ಚಾಚಿ, ಸರಿ ಅದಾವ್ರಿ."

"ಖರೇನ?"

"ಖರೇನ. ಬಿರೀಲಿ ಅಂತ ನಾನ ಕಾಡೀನಿ. ಬಿರೀಲಿಲ್ಲ."

"ಹಂಗಾರ ನಾನೂ ಬರ್ತೀನಿ ನೋಡಾಕ" ಎಂದರು ಅವರು. ಅಷ್ಟು ವರ್ಷಗಳಲ್ಲಿ ಚಾಚಿ ಒಮ್ಮೆಯೂ ಕ್ಲಬ್ಬಿಗೆ ಕಾಲಿಟ್ಟವರಲ್ಲ.

ಆ ಶನಿವಾರ ಬಿಸಿಲಿತ್ತು. ಗುಂಡು ಹೊಡೆಯುವ ರೇಂಜಿನಲ್ಲಿ ಮೇಲ್ವಿಚಾರಣೆ ಮಾಡುವ ಹೆಂಗಸಿಗೆ ಚಾಚಾ ಎಲ್ಲವನ್ನೂ ಮೊದಲೇ ತಿಳಿಸಿದ್ದರು. ಮೊದಲ ಕೆಲವು ತೋಟಾಗಳನ್ನು ಯಾರೂ ಭುಜಕ್ಕೆ ಹಿಡಿದು ಹೊಡೆಯುವುದು ಬೇಡ ಎಂದು ಆಕೆಯೇ ರೈಫಲ್ಲನ್ನು ಒಂದು ಚೌಕಟ್ಟಿಗೆ ಬಿಗಿದು, ಟ್ರಿಗರಿಗೆ ಉದ್ದನೆಯ ಹಗ್ಗ ಕಟ್ಟಿಸಿದರು. ನಾವೆಲ್ಲ ಮರಳಿನ ಚೀಲಗಳ ಹಿಂದೆ ನಿಂತೆವು. ಕಿವಿಗೆ ದೊಡ್ಡ ಮುಚ್ಚಳಗಳನ್ನು ಹಾಕಿಕೊಂಡ ಚಾಚಿ ನನ್ನ ಮಣಿಕಟ್ಟು ಹಿಡಿದಿದ್ದರು, ನಾಡಿ ನೋಡುವವರ ಹಾಗೆ.

ಚಾಚಾ ಹಗ್ಗ ಎಳೆದರು. ಸದ್ದು ಎದೆಯೊಳಗೇ ಆದಂತಾಯಿತು. ಬಿಳಿ ಹೊಗೆ ಎದ್ದು, ಗಾಳಿಗೆ ನಿಧಾನವಾಗಿ ಬಲಕ್ಕೆ ವಾಲಿತು. ಮೇಲ್ವಿಚಾರಕಿ ಸನ್ನೆ ಮಾಡಿದ ಮೇಲೆ ನಾನು ಹೋಗಿ ನಿಂತೆ. ಚಾಚಾ ಹಿಡಿ ಎಳೆದರು. ಕೇಸು ತಡೆಯಿಲ್ಲದೆ ಜಾರಿ ಹೊರಬಂತು. ಬಿಸಿಯಾಗಿತ್ತು, ಬಾಯಿ ಕಪ್ಪಾಗಿತ್ತು, ಬುಡ ಮಾತ್ರ ಮಾಡಿದ ದಿನ ಇದ್ದ ಹಾಗೇ ಇತ್ತು. ಎರಡನೆಯದೂ ಹಾಗೇ, ಆಮೇಲಿನವೂ ಹಾಗೇ. ಒಂದೊಂದನ್ನೂ ನಾನು ಬೆಳಕಿಗೆ ಹಿಡಿದು ನೋಡಿ ಚಾಚಿಯ ಕಡೆ ತಿರುಗಿ ತಲೆ ಆಡಿಸುತ್ತಿದ್ದೆ.

ಕೊನೆಗೆ ಚೌಕಟ್ಟನ್ನು ಬಿಚ್ಚಿದರು. ಚಾಚಾ ಹೊಸ ಕನ್ನಡಕ ಹಾಕಿಕೊಂಡು ಚಾಪೆಯ ಮೇಲೆ ಬೋರಲು ಮಲಗಿದರು. ಆ ಗಳಿಗೆಯಲ್ಲಿ ನಾನು ಕಣ್ಣು ಮುಚ್ಚಿಕೊಂಡೆ, ಚಾಚಿ ಮುಚ್ಚಲಿಲ್ಲ. ಸದ್ದಾಯಿತು. ಕಣ್ಣು ತೆರೆದಾಗ ಹೊಗೆಯೊಳಗಿಂದ ಚಾಚಾನ ಮುಖ ಕಾಣಿಸಿತು, ಪೂರ್ತಿಯಾಗಿ, ನಗುತ್ತ. ಗುಂಡು ಗುರಿಯ ಮೂಲೆಗೆಲ್ಲೋ ಬಿದ್ದಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಚಾಚಿ ನನ್ನ ಮಣಿಕಟ್ಟು ಬಿಟ್ಟರು. ಅವರ ಬೆರಳ ಗುರುತು ಕೆಂಪಗೆ ಮೂಡಿತ್ತು. "ಆತು, ಆತು" ಎಂದು ಎರಡು ಸಲ ಹೇಳಿ, ಹೋಗಿ ಬೇಲಿಯ ಹತ್ತಿರ ನಮಗೆಲ್ಲ ಬೆನ್ನು ಮಾಡಿ ಸ್ವಲ್ಪ ಹೊತ್ತು ನಿಂತರು. ಬಂದ ಮೇಲೆ ಬುತ್ತಿ ಬಿಚ್ಚಿ, ಮೇಲ್ವಿಚಾರಕಿಯಿಂದ ಹಿಡಿದು ಅಲ್ಲಿದ್ದ ಎಲ್ಲರಿಗೂ ಖೀಮಾ ಸಮೋಸ ಹಂಚಿದರು.

ಹಿಂತಿರುಗುವಾಗ ನಾನು ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಮುಂದೆ ಅವರಿಬ್ಬರೂ ಯಾವ ದಾರಿಯಲ್ಲಿ ಹೋದರೆ ಟ್ರಾಫಿಕ್ ಕಡಿಮೆ ಎಂದು ಉರ್ದುವಿನಲ್ಲಿ ವಾದಿಸುತ್ತಿದ್ದರು. ಬಹಳ ದಿನಗಳ ಮೇಲೆ ಅವರು ಹಾಗೆ ವಾದಿಸುವುದು ಕೇಳಿದ್ದು. ಕೇಳುತ್ತ ಕೇಳುತ್ತ ಕೂತಲ್ಲೇ ಗಾಢ ನಿದ್ದೆ ಹತ್ತಿತು. ಮನೆ ಬಂತೆಂದು ಚಾಚಿ ಭುಜ ಅಲುಗಿಸಿದಾಗಲೇ ಎಚ್ಚರ.

"ಮುಂದಿನ ತಿಂಗಳು ಮತ್ತ ಹೋಗ್ತಾರಂತ ನಿಮ್ಮ ಚಾಚಾ" ಎಂದರು ಅವರು ಕಾರಿನ ಬಾಗಿಲು ಹಿಡಿದು. "ನಾ ಒಂದು ಮಡಚೂ ಕುರ್ಚಿ ತಗೋತೀನಿ. ನಿಂತು ನಿಂತು ಕಾಲು ಹೋದ್ವು."